ಬೆಟ್ಟದ ಮೇಲಿನ ಪ್ರಾರ್ಥನೆ, ಬೆಟ್ಟದ ಕೆಳಗಿನ ಕೆಲಸ



ಮೆಟ್ಟಿಲು ಹತ್ತಿ ಸುಸ್ತಾಗಿ ಬಂದು, ಮರದ ನೆರಳಿನಲ್ಲಿ ಕೂತು ಈ ಪುಸ್ತಕ ಬಿಡಿಸಿರುವ ನಿಮಗೆ ನಮಸ್ಕಾರ. ನಾನು ಈ ಪುಣ್ಯಕ್ಷೇತ್ರದ ಕಚೇರಿ ಗುಮಾಸ್ತ. ಪೂಜೆಯ ಕೋರಿಕೆ ಬರೆಸಲು ನೀವು ಬಂದಾಗ ಕಿಟಕಿಯ ಒಳಗೆ ರಸೀದಿ ಪುಸ್ತಕ ಇಟ್ಟುಕೊಂಡು ಒಬ್ಬ ಕೂತಿರುತ್ತಾನಲ್ಲ, ಅವನೇ ನಾನು. ಓದಿದ್ದು ಪಿಯುಸಿ ತನಕ. ಗುರುಗಳ ಹಾಗೆ ಪ್ರಬೋಧನೆ ಮಾಡುವ ಯೋಗ್ಯತೆ ನನಗಿಲ್ಲ. ಆದರೆ ಇಷ್ಟು ವರ್ಷ ಆ ಕಿಟಕಿಯಲ್ಲಿ ಕೂತು ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ಬೆಟ್ಟದ ಮೇಲೆ ನಾವೆಲ್ಲರೂ ಭಕ್ತರೇ. ಮೊಣಕಾಲೂರಿ ಕಣ್ಣೀರು ಹಾಕಿ ಬೇಡಿಕೊಳ್ಳುತ್ತೇವೆ. ಕೆಳಗಿಳಿದು ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದಾಗ, ಕಚೇರಿಯಲ್ಲಿ ಫೈಲು ಬಿಚ್ಚಿದಾಗ, ಗಾರೆ ಕಲಸಿದಾಗ ನಾವು ಯಾರು? ದೇವರು ಬೆಟ್ಟದ ಮೇಲೇ ಉಳಿದುಬಿಡ್ತಾರಾ?

ಈ ಪ್ರಶ್ನೆ ನನಗೆ ಹುಟ್ಟಿದ್ದು ನನ್ನದೇ ತಪ್ಪಿನಿಂದ. ಸುಮಾರು ವರ್ಷಗಳ ಹಿಂದೆ, ನೊವೇನದ ದಿನ ಸಂಜೆ. ಕಿಟಕಿಯ ಮುಂದೆ ಸಾಲು ಇತ್ತು. ನಾನು ಜಪಮಾಲೆ ಹಿಡಿದು, "ಸ್ವಲ್ಪ ಇರಿ" ಅಂತ ಕೈಸನ್ನೆ ಮಾಡಿ, ಕಣ್ಣು ಮುಚ್ಚಿ ಜಪ ಮಾಡುತ್ತಿದ್ದೆ. ದೇವರ ಕೆಲಸವೇ ಮಾಡ್ತಿದ್ದೀನಲ್ಲ ಅಂತ ಒಳಗೊಳಗೆ ಹೆಮ್ಮೆ ಬೇರೆ. ಸಾಲಿನಲ್ಲಿ ಒಬ್ಬ ಅಜ್ಜಿ ಇದ್ದರು. ತೀರಿಹೋದ ಮಗನ ಆತ್ಮಕ್ಕೆ ಮರುದಿನ ಪೂಜೆ ಬರೆಸಿ, ಕೊನೇ ಬಸ್ಸಿಗೆ ಹೋಗಬೇಕು ಅಂತಿದ್ದರು. ಜಪ ಮುಗಿಸಿ, ತಡವಾಯ್ತು ಅಂತ ಗಡಿಬಿಡಿಯಲ್ಲಿ ಹೆಸರು ಗೀಚಿ ರಸೀದಿ ಕೊಟ್ಟೆ. ಅಷ್ಟರಲ್ಲಿ ಬಸ್ಸು ಹೋಗಿಬಿಟ್ಟಿತ್ತು. ಅವರು ರಾತ್ರಿ ಇಲ್ಲೇ ಜಗಲಿಯ ಮೇಲೆ ಮಲಗಿ, ಬೆಳಿಗ್ಗೆ ಪೂಜೆಗೆ ಕೂತರು. ಗುರುಗಳು ಹೆಸರುಗಳನ್ನು ಓದಿದರು. ಪೂಜೆ ಮುಗಿದ ಮೇಲೆ ಅಜ್ಜಿ ಕಿಟಕಿಗೆ ಬಂದು ಮೆಲ್ಲಗೆ ಕೇಳಿದರು, "ನನ್ನ ಮಗನ ಹೆಸರು ಅದಲ್ಲ ಕಣಪ್ಪಾ. ನೀನು ಬೇರೆ ಬರೆದಿದ್ದೀಯ. ದೇವರಿಗೆ ಗೊತ್ತಾಗುತ್ತಾ?"

ದೇವರಿಗೆ ಗೊತ್ತಾಗುತ್ತೆ ಅಜ್ಜಿ ಅಂದೆ. ಅದು ನಿಜವೇ. ಆದರೆ ಮಗನ ಹೆಸರನ್ನು ಪೂಜೆಯಲ್ಲಿ ಕೇಳಬೇಕು ಅಂತ ಬಂದಿದ್ದ ತಾಯಿಯ ಕಿವಿಗೆ ಅದು ಬೀಳಲಿಲ್ಲವಲ್ಲ! ಮಾರನೇ ದಿನಕ್ಕೆ ನನ್ನ ಕೈಯಿಂದಲೇ ಹಣ ಹಾಕಿ ಮತ್ತೆ ಬರೆದೆ. ಅಷ್ಟು ಹೊತ್ತಿಗೆ ಅವರು ಊರಿಗೆ ಹೋಗಿಯಾಗಿತ್ತು.

ಆವತ್ತು ನನಗೆ ಗೊತ್ತಾಯ್ತು. ಆ ಹೊತ್ತಿನಲ್ಲಿ ದೇವರು ನನ್ನಿಂದ ಕೇಳಿದ್ದು ಒಂದು ಹೆಸರನ್ನು ಸರಿಯಾಗಿ ಬರೆಯುವುದನ್ನು. ನಾನು ಅದನ್ನು ಕೊಡದೆ ಬೇರೇನೋ ಕೊಟ್ಟೆ.

ಶುಭಸಂದೇಶ ತೆಗೆದು ನೋಡಿ. ಸ್ನಾನಿಕ ಯೊವಾನ್ನರ ಹತ್ತಿರ ಸುಂಕದವರು, ಸಿಪಾಯಿಗಳು ಬಂದು, ನಾವೇನು ಮಾಡಬೇಕು ಅಂತ ಕೇಳುತ್ತಾರೆ. ಸಂತ ಲೂಕರು 3ನೇ ಅಧ್ಯಾಯದಲ್ಲಿ ಬರೆದಿದ್ದಾರೆ. ಕೆಲಸ ಬಿಟ್ಟು ಕಾಡಿಗೆ ಬನ್ನಿ ಅಂತ ಯೊವಾನ್ನರು ಹೇಳಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಸುಂಕ ವಸೂಲಿ ಮಾಡಬೇಡಿ ಅಂದರು. ಸಿಪಾಯಿಗಳಿಗೆ, ಯಾರನ್ನೂ ಬೆದರಿಸಿ ಹಣ ಕೀಳಬೇಡಿ, ಸಂಬಳದಲ್ಲಿ ತೃಪ್ತಿಯಾಗಿರಿ ಅಂದರು. ಅವರವರ ಕೆಲಸದ ಒಳಗೇ ಅವರವರ ಪಶ್ಚಾತ್ತಾಪ ಇತ್ತು.

ಯೇಸುಸ್ವಾಮಿ ಬೋಧನೆ ಶುರುಮಾಡಿದಾಗ ಅವರಿಗೆ ಸುಮಾರು 30 ವರ್ಷ. ಅದಕ್ಕೆ ಮೊದಲು ನಜರೇತಿನ ಜನ ಅವರನ್ನು ಬಡಗಿ ಎಂದೇ ಬಲ್ಲವರು. ಅವರ ಸಾಕುತಂದೆ ಸಂತ ಜೋಸೆಫರು ಆಡಿದ ಒಂದು ಮಾತೂ ನಾಲ್ಕು ಶುಭಸಂದೇಶಗಳಲ್ಲಿ ದಾಖಲಾಗಿಲ್ಲ. ಮಾತಿಲ್ಲದ ಆ ದುಡಿಮೆಗಾರನನ್ನು ನೆನೆಯಲೆಂದೇ 1955ರಲ್ಲಿ ಪೋಪ್ 12ನೇ ಪಯಸ್ ಅವರು ಮೇ 1ನೇ ತಾರೀಖನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನಾಗಿ ಮಾಡಿದರು.

ನನಗೆ ಈ ಕೆಲಸ ಇಷ್ಟವಿಲ್ಲ, ಹೊಟ್ಟೆಪಾಡಿಗೆ ಮಾಡ್ತೀನಿ, ಇದರಲ್ಲಿ ದೇವರೆಲ್ಲಿ ಬಂದರು ಅಂತ ಕೆಲವರು ಕೇಳಬಹುದು. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು. ಮೊದಲು ಸೈನಿಕ, ಕಾಲು ಕುಂಟು. ಮಠದಲ್ಲಿ ಅವರಿಗೆ ಸಿಕ್ಕಿದ್ದು ಅಡುಗೆಮನೆ. ಆ ಕೆಲಸ ಅವರಿಗೆ ಸ್ವಭಾವತಃ ಹಿಡಿಸುತ್ತಿರಲಿಲ್ಲ. ಆದರೂ ಪಾತ್ರೆಗಳ ಗದ್ದಲದ ನಡುವೆ, ದೇವರು ಪಕ್ಕದಲ್ಲೇ ಇದ್ದಾರೆ ಅನ್ನೋ ನೆನಪಿನಲ್ಲಿ ವರ್ಷಗಟ್ಟಲೆ ದುಡಿದರು. 1691ರಲ್ಲಿ ತೀರಿಕೊಂಡರು. ಇಷ್ಟವಾದ ಕೆಲಸ ಸಿಕ್ಕ ಮೇಲೆ ಒಳ್ಳೆಯವನಾಗ್ತೀನಿ ಅಂತ ಅವರು ಕಾಯಲಿಲ್ಲ. ನಮ್ಮ ನಾಡಿನಲ್ಲಿ 12ನೇ ಶತಮಾನದ ಶರಣರೂ ದೋಣಿ ನಡೆಸುತ್ತಾ, ಬಟ್ಟೆ ಒಗೆಯುತ್ತಾ, ಹಗ್ಗ ಹೊಸೆಯುತ್ತಾ ಕಾಯಕಕ್ಕೆ ದೊಡ್ಡ ಬೆಲೆ ತಂದುಕೊಟ್ಟವರಲ್ಲವೇ?

ಆದರೆ ಒಂದು ಎಚ್ಚರಿಕೆ ಬೇಕು. ಕೆಲಸವೇ ಪ್ರಾರ್ಥನೆ ಅಂತ ಆಳುಗಳಿಗೆ ಉಪದೇಶ ಮಾಡಿ ಕೂಲಿ ಕಡಿಮೆ ಕೊಡುವವರೂ ಇದ್ದಾರೆ. ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕು ಅನ್ನೋದು ಹಳೇ ಒಡಂಬಡಿಕೆಯ ಕಟ್ಟಳೆ. ಹಿಡಿದಿಟ್ಟುಕೊಂಡ ಕೂಲಿ ದೇವರಿಗೆ ಕೇಳುವಂತೆ ಕೂಗುತ್ತದೆ ಅನ್ನುತ್ತದೆ ಯಕೋಬರ ಪತ್ರ. ಪೋಪ್ ಎರಡನೇ ಜಾನ್ ಪಾಲ್ ಅವರು 1981ರಲ್ಲಿ ದುಡಿಮೆಯ ಬಗ್ಗೆಯೇ ಒಂದು ವಿಶ್ವಪತ್ರ ಬರೆದರು. ಕೆಲಸಕ್ಕೆ ಬೆಲೆ ಬರುವುದು ಮೊದಲು ಅದನ್ನು ಮಾಡುವ ಮನುಷ್ಯನಿಂದ ಅನ್ನೋದು ಅದರ ತಿರುಳು. ಹಾಗಾಗಿ ಕೆಲಸ ಮಾಡಿಸುವವರ ಭಕ್ತಿಯನ್ನು ಕೂಲಿ ಬಟವಾಡೆ ದಿನ ನೋಡಬೇಕು.

ಇನ್ನು ಕೆಲವರು ಕಿಟಕಿಯ ಹತ್ತಿರ ಬಗ್ಗಿ, "ಸಾರ್, ವ್ಯಾಪಾರದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗಿದೆ, ದೊಡ್ಡ ಕಾಣಿಕೆ ಹಾಕಿದ್ರೆ ಸರಿಹೋಗುತ್ತಾ?" ಅಂತ ಕೇಳುತ್ತಾರೆ. ನನ್ನ ರಸೀದಿ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ. ಸುಂಕದ ಜಕ್ಕಾಯ ಏನು ಮಾಡಿದ? ಆಸ್ತಿಯಲ್ಲಿ ಅರ್ಧ ಬಡವರಿಗೆ ಅಂದ. ಮೋಸ ಮಾಡಿ ತೆಗೆದುಕೊಂಡಿದ್ದನ್ನು ಯಾರಿಂದ ತೆಗೆದುಕೊಂಡಿದ್ದನೋ ಅವರಿಗೇ ನಾಲ್ಕು ಪಟ್ಟು ವಾಪಸ್ಸು ಕೊಡ್ತೀನಿ ಅಂದ. ಹುಂಡಿಗೆ ಹಾಕ್ತೀನಿ ಅನ್ನಲಿಲ್ಲ.

ಹಾಗಾದರೆ ಬೆಟ್ಟ ಹತ್ತುವುದು ಯಾಕೆ? ನೆಟ್ಟಗೆ ಕೆಲಸ ಮಾಡಿಕೊಂಡು ಮನೆಯಲ್ಲೇ ಇದ್ದರೆ ಸಾಲದೇ? ಸಾಲದು. ಗಾರೆ ಮೇಸ್ತ್ರಿ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಗೋಡೆ ನೋಡುವುದನ್ನು ಕಂಡಿದ್ದೀರಲ್ಲ? ಬರೀ ಕಣ್ಣಿಗೆ ನಮ್ಮ ಗೋಡೆ ಯಾವಾಗಲೂ ನೆಟ್ಟಗೇ ಕಾಣುತ್ತದೆ. ಗುಂಡು ಬಿಟ್ಟಾಗಲೇ ಡೊಂಕು ಗೊತ್ತಾಗೋದು. ಪ್ರಾರ್ಥನೆ ಆ ಗುಂಡಿನ ಹಾಗೆ. ಗುಂಡನ್ನು ಕೈಯಲ್ಲಿ ಹಿಡಿದು ಕೂತರೆ ಗೋಡೆ ಏಳಲ್ಲ. ಗುಂಡಿಲ್ಲದೆ ಎಬ್ಬಿಸಿದ ಗೋಡೆ ನಿಲ್ಲಲ್ಲ. ಯೇಸುಸ್ವಾಮಿಯೂ ಪ್ರಾರ್ಥನೆಗೆ ಬೆಟ್ಟ ಹತ್ತುತ್ತಿದ್ದರು, ಮತ್ತೆ ಜನರ ನಡುವೆ ಇಳಿದು ಬರುತ್ತಿದ್ದರು.

ಈಗ ನಾನು ಕಿಟಕಿ ತೆಗೆಯುವುದಕ್ಕೆ ಅರ್ಧ ಗಂಟೆ ಮುಂಚೆ ಬಂದು ಜಪಮಾಲೆ ಮುಗಿಸುತ್ತೇನೆ. ಆಮೇಲೆ ಪ್ರತಿ ಹೆಸರನ್ನೂ ಬರೆದು, ಗಟ್ಟಿಯಾಗಿ ಓದಿ, ಸರಿಯಿದೆಯಾ ಅಂತ ಕೇಳಿ ರಸೀದಿ ಹರಿಯುತ್ತೇನೆ. ಸಾಲು ಸ್ವಲ್ಪ ನಿಧಾನ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನೀವೂ ಕೆಳಗೆ ಇಳಿಯುವಾಗ ಒಂದು ಕ್ಷಣ ಯೋಚನೆ ಮಾಡಿ. ನಾಳೆ ನಿಮ್ಮ ಕೈ ಕೆಲಸಕ್ಕಾಗಿ ಯಾರು ಕಾಯುತ್ತಿದ್ದಾರೆ? ಅವರ ಮುಖ ನೆನೆಸಿಕೊಂಡು ಇಲ್ಲೇ ಒಂದು ಪ್ರಾರ್ಥನೆ ಹೇಳಿ ಹೊರಡಿ. ಮತ್ತೆ ಬಂದಾಗ ನಾನು ಕಿಟಕಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರೆ ಸಂಕೋಚ ಬೇಡ, ಕೂಗಿ ಎಬ್ಬಿಸಿ.

ದೇವರು ನಿಮ್ಮನ್ನೂ ನಿಮ್ಮ ದುಡಿಮೆಯನ್ನೂ ಆಶೀರ್ವದಿಸಲಿ.