ನಿಯಮ ಇರುವ ಜಾಗ, ಬಲ ಬರುವ ಜಾಗ

ಹಲವರು ಒಂದಾಗಿ ನಡೆಯಬೇಕಾದಾಗ ಅವರನ್ನು ನಡೆಸುವ ನಿಯಮ ಪ್ರತಿಯೊಬ್ಬರ ಒಳಗಿರಬೇಕೋ, ಎಲ್ಲರಿಗೂ ಹೊರಗಿರಬೇಕೋ? ಧರ್ಮಚಿಂತನೆಯ ಈ ಹಳೆಯ ಪ್ರಶ್ನೆ ಈಗ ಹುಡುಕಾಟದ ಸರ್ವರ್‌ಗಳನ್ನು ಕ್ಲಸ್ಟರ್ ಮಾಡುವವರ ಎದುರಿಗೂ ಬಂದಿದೆ. ಗದಗ ಪಕ್ಕದ ಹುಲಕೋಟಿಯ ಹೆಸರನ್ನೇ ನೋಡಿ. ಕೆಲವರು ಹುಲ್ಕೋಟಿ ಎಂದೂ ಬರೆಯುತ್ತಾರೆ. ಇನ್ನು ಅದರ ‘ಕೋ’ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ಸಂಕೇತಗಳ ಸಾಲಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಇವೆಲ್ಲ ಒಂದೇ ಊರು ಎಂದು ಯಂತ್ರಕ್ಕೆ ತಿಳಿಸುವುದು ಕಾನ್ಫಿಗರೇಷನ್. ಒಂದು ನೋಡ್‌ನಲ್ಲಿ (ಎಂದರೆ ಕ್ಲಸ್ಟರಿನ ಒಂದು ಸರ್ವರಿನಲ್ಲಿ) ಆ ನಿಯಮವಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಒಂದೇ ಪ್ರಶ್ನೆಗೆ ಒಮ್ಮೆ ಒಂದು ಉತ್ತರ, ಮತ್ತೊಮ್ಮೆ ಇನ್ನೊಂದು. ಕೇಳಿದವರಿಗೆ ತಾವು ಮೋಸಹೋದದ್ದೂ ತಿಳಿಯುವುದಿಲ್ಲ.

ಹುಡುಕಾಟದ ತಂತ್ರಾಂಶವಾದ ಅಪಾಚೆ ಸೋಲರ್ ತನ್ನ ಕ್ಲಸ್ಟರ್‌ನ ನಿಯಮಗಳನ್ನು ಸಮನ್ವಯ ಸೇವೆಯಾದ ಝೂಕೀಪರ್‌ನಲ್ಲಿ ಇಡುತ್ತದೆ; ನೋಡ್‌ಗಳೆಲ್ಲ ಅಲ್ಲಿಂದಲೇ ಓದಿಕೊಳ್ಳುತ್ತವೆ. ಇದು ಮೇಲೆ ಕೂತ ಒಬ್ಬನ ಅಪ್ಪಣೆಯಾಯಿತಲ್ಲ ಎಂದು ಆಕ್ಷೇಪಿಸಬಹುದು. ಆದರೆ ಝೂಕೀಪರ್ ಸಾಮಾನ್ಯವಾಗಿ ಮೂರು ಅಥವಾ ಐದು ಸರ್ವರ್‌ಗಳ ಕೂಟ. ಐದರಲ್ಲಿ ಮೂರು ಒಪ್ಪದೆ ಯಾವ ಬದಲಾವಣೆಯೂ ನಿಲ್ಲದು. ಅದಕ್ಕೊಬ್ಬ ನಾಯಕನಿದ್ದರೂ ಆರಿಸುವುದು ಬಹುಮತ. ಬಹುಮತದ ಸಂಪರ್ಕ ಕಡಿದರೆ ನಾಯಕನ ಮಾತೂ ನಡೆಯದು. ಗದಗ ಸೀಮೆಗೆ ಈ ತತ್ವ ಹೊಸದಲ್ಲ. ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ರೈತರ ಸಂಘ ಕಟ್ಟಿದರು, ಹುಲಕೋಟಿಯಲ್ಲಿ ಕೆ.ಎಚ್. ಪಾಟೀಲರು ಸಹಕಾರವನ್ನು ನೂಲಿನ ಗಿರಣಿಯವರೆಗೆ ಬೆಳೆಸಿದರು. ಸಂಘದ ಬೈಲಾ ಕಚೇರಿಯ ಕಪಾಟಿನಲ್ಲಿದ್ದರೂ ಅಧ್ಯಕ್ಷರ ಸ್ವತ್ತಲ್ಲ. ಕೋರಂ ಇಲ್ಲದ ಸಭೆ ಅದರ ಒಂದಕ್ಷರವನ್ನೂ ತಿದ್ದಲಾರದು. ನಿಯಮ ಇರುವ ಜಾಗ ಒಂದು, ಅದಕ್ಕೆ ಬಲ ಬರುವ ಜಾಗ ಇನ್ನೊಂದು ಎಂಬುದನ್ನು ಮರೆತಾಗಲೇ ನಾವು ಏಕತೆಯನ್ನು ದಬ್ಬಾಳಿಕೆ ಎಂದು ತಿಳಿಯುವುದು, ದಬ್ಬಾಳಿಕೆಯನ್ನು ಏಕತೆ ಎಂದು ಸಹಿಸುವುದು. ಹಾಗಾದರೆ ಭಿನ್ನತೆಗೆ ಎಡೆಯಿಲ್ಲವೇ? ಇದೆ. ಸೋಲರ್ ಕೂಡ ದಾಖಲೆಗಳ ಬೇರೆ ಸಂಗ್ರಹಕ್ಕೆ ಬೇರೆ ನಿಯಮ ಕೊಡಬಹುದು; ಒಂದೇ ಸಂಗ್ರಹದ ಪ್ರತಿಗಳು ಮಾತ್ರ ಒಂದೇ ಮಾತು ಆಡಬೇಕು.

ಝೂಕೀಪರ್ ಕೂಟದ ಕೋರಂ ಮುರಿದರೆ ಏನು ಗತಿ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಆಗ ಸೋಲರ್ ಹೊಸ ದಾಖಲೆ ಸ್ವೀಕರಿಸುವುದಿಲ್ಲ. ತನಗೆ ಕೊನೆಯದಾಗಿ ತಿಳಿದಂತೆ ಪ್ರಶ್ನೆಗಳಿಗೆ ಉತ್ತರಿಸುತ್ತ, ಝೂಕೀಪರ್ ಸಂಪರ್ಕವಿಲ್ಲ ಎಂಬುದನ್ನೂ ಉತ್ತರದ ಜೊತೆಗೇ ತಿಳಿಸುತ್ತದೆ. ತನ್ನ ಅರಿವಿನ ಗಡಿಯನ್ನು ಹೇಳಿಯೇ ಮಾತಾಡುವ ಈ ಶಿಸ್ತನ್ನು ನಾನು ಬಹಳ ಗೌರವಿಸುತ್ತೇನೆ. ಗುರುಪೀಠಗಳಿಂದಲೂ ನಾವು ಕೇಳಬೇಕಾದದ್ದು ಇದನ್ನೇ. ಆದರೂ ಸಮ್ಮತಿಯಿಂದ ಎಲ್ಲವೂ ಆಗುವುದಿಲ್ಲ. ‘ಕೋ’ದ ಎರಡು ರೂಪಗಳನ್ನು ಒಂದಾಗಿಸುವ ನಿಯಮವನ್ನು ಇಂದು ಸೇರಿಸಿ ರೀಲೋಡ್ ಮಾಡಿದರೆ ಎಲ್ಲ ನೋಡ್‌ಗಳಿಗೂ ಅದು ತಲುಪುತ್ತದೆ, ನಿನ್ನೆ ಇಂಡೆಕ್ಸ್ ಆದ ದಾಖಲೆಗಳಿಗೆ ತಲುಪುವುದಿಲ್ಲ. ಅವನ್ನು ಮೂಲದಿಂದ ಒಂದೊಂದಾಗಿ ಮತ್ತೆ ಇಂಡೆಕ್ಸ್ ಮಾಡಬೇಕು. ಮೂಲವನ್ನೇ ಉಳಿಸಿಕೊಳ್ಳದಿದ್ದರೆ, ಐದಕ್ಕೆ ಐದೂ ಒಪ್ಪಿದ ನಿಯಮ ಕೂಡ ಅಲ್ಲಿ ಏನೂ ಮಾಡಲಾರದು.