ಮೃಗದ ಮನೆಯ ಎಲ್ಲೆ

ಕಾಡಿನ ಜಿಂಕೆಗೆ ಗೋಡೆಯಿಲ್ಲ, ಬಾಗಿಲಿಲ್ಲ. ಆದರೂ ಅದಕ್ಕೊಂದು ಮನೆಯುಂಟೆಂದು ಪ್ರಾಣಿಶಾಸ್ತ್ರಜ್ಞರು ಹೇಳುವರು. 1943ರಲ್ಲಿ ಅಮೆರಿಕೆಯ ವಿಲಿಯಂ ಬರ್ಟ್ ಎಂಬ ವಿದ್ವಾಂಸನು ಇದಕ್ಕೆ ಲಕ್ಷಣವನ್ನು ಕಟ್ಟಿದನು. ಆಹಾರವನ್ನು ಅರಸುವುದು, ಜೊತೆಗೂಡುವುದು, ಮರಿಗಳನ್ನು ಸಲಹುವುದು ಎಂಬ ನಿತ್ಯವ್ಯಾಪಾರಗಳಲ್ಲಿ ಮೃಗವು ಸಂಚರಿಸುವ ಪ್ರದೇಶವೇ ಅದರ ಮನೆ. ಎಂದಾದರೊಮ್ಮೆ ಹೋಗಿಬಂದ ಎಡೆಯು ಅದರಲ್ಲಿ ಸೇರದು.

ಲಕ್ಷಣವು ಮಾತಿನಲ್ಲಿ ಸೊಗಸಾಗಿದೆ. ನೆಲದ ಮೇಲೆ ಗೆರೆಯೆಳೆಯ ಹೊರಟಾಗಲೇ ತೊಡಕು. ಜಿಂಕೆಯನ್ನು ಹಿಡಿದು ಅದರ ಕೊರಳಿಗೆ ಯಂತ್ರದ ಪಟ್ಟಿಯೊಂದನ್ನು ತೊಡಿಸುವರು. (ಹಿಡಿಯುವಾಗಿನ ಭಯ ಬಳಲಿಕೆಗಳಿಂದಲೇ ಸಾಯುವ ಜಿಂಕೆಗಳೂ ಉಂಟು.) 1960ರ ದಶಕದಲ್ಲಿ ಆ ಪಟ್ಟಿಯ ರೇಡಿಯೋ ದನಿಯನ್ನು ಆಂಟೆನಾದಿಂದ ಅರಸಬೇಕಾಗಿದ್ದಿತು, ಈಗಿನ ಜಿಪಿಎಸ್ ಪಟ್ಟಿಯು ಉಪಗ್ರಹಗಳ ಸಂಕೇತದಿಂದ ತಾನಿರುವ ಸ್ಥಾನವನ್ನು ಗೊತ್ತಾದ ಹೊತ್ತಿಗೆ ತಾನೇ ಗುರುತಿಸಿಕೊಳ್ಳುವುದು. ಹೀಗೆ ದೊರೆಯುವುವು ಬರಿಯ ಚುಕ್ಕೆಗಳು. ಎರಡು ಚುಕ್ಕೆಗಳ ನಡುವಣ ಹೊತ್ತಿನಲ್ಲಿ ಮೃಗವೆಲ್ಲಿದ್ದಿತೆಂಬುದು ಪ್ರತ್ಯಕ್ಷವಲ್ಲ, ಅನುಮಾನ.

ತಾರ್ಕಿಕರು ಹೇಳುವ ಲಕ್ಷಣದೋಷಗಳು ಇಲ್ಲಿ ಎದ್ದು ಕಾಣುವುವು. ಹೊರಚುಕ್ಕೆಗಳನ್ನು ಸೇರಿಸಿ ಬಹುಭುಜವನ್ನೆಳೆದರೆ, ಜಿಂಕೆಯು ಎಂದೂ ಕಾಲಿಡದ ಕೆರೆಯ ನಡುವೂ ಅದರ ಮನೆಯಾಗುವುದು. ಇದು ಅತಿವ್ಯಾಪ್ತಿ. ಚುಕ್ಕೆಗಳ ದಟ್ಟಣೆಯನ್ನು ಗಣಿಸುವ ಇನ್ನೊಂದು ವಿಧಾನವನ್ನು 1989ರಲ್ಲಿ ವರ್ಟನ್ ಎಂಬಾತನು ಈ ಶಾಸ್ತ್ರಕ್ಕೆ ತಂದನು. ಇದರಲ್ಲಿ ಮೃಗದ ಇರುವಿಕೆಯ ಸಂಭವದಲ್ಲಿ ನೂರಕ್ಕೆ 95 ಪಾಲನ್ನು ಒಳಗೊಳ್ಳುವಂತೆ ಗೆರೆಯೆಳೆವರು. ಉಳಿದ 5 ಪಾಲು ಹೊರಗೆ. ಇದು ಅವ್ಯಾಪ್ತಿ. 95 ಏಕೆ, 90 ಏಕಾಗಬಾರದು ಎಂದರೆ ರೂಢಿಯೇ ಉತ್ತರ.

ಶಾಸ್ತ್ರದಲ್ಲಿ ಇದು ಸಲ್ಲುವುದು. ಜಿಂಕೆಗೂ ಜಿಂಕೆಗೂ ಹೋಲಿಕೆ ನೋಡಲು ಒಂದೇ ಅಳತೆ ಬೇಕಷ್ಟೆ. ಆದರೆ ಅದೇ ಗೆರೆಯು ನಕ್ಷೆಯನ್ನೇರಿ, ಒಳಗೆ ರಕ್ಷಣೆ, ಹೊರಗೆ ರಸ್ತೆ ಎಂದು ವಿಧಿಸತೊಡಗಿದರೆ ಅಳತೆಯು ತೀರ್ಪಾಗುವುದು. ಬಿಟ್ಟ ಐದು ಪಾಲಿನಲ್ಲಿ ಬರದ ವರ್ಷಕ್ಕೆ ಒದಗುವ ಏಕಮಾತ್ರ ನೀರಿನ ಹಾದಿಯಿರಬಹುದು. ದಿನವೂ ತುಳಿಯದ ಮಾತ್ರಕ್ಕೆ ಅದು ಬೇಡದ ಹಾದಿಯೆ? ಮನೆಯ ಹಗೇವನ್ನು ಯಾರೂ ದಿನವೂ ತೆರೆಯರು.

ಇದಕ್ಕಿಂತ ಸೂಕ್ಷ್ಮವಾದ ವಿಚಾರವೊಂದುಂಟು. ಜೆಕ್ ದೇಶಕ್ಕೂ ಜರ್ಮನಿಯ ಬವೇರಿಯಾಕ್ಕೂ ನಡುವಣ ಶುಮಾವಾ ಕಾಡಿನಲ್ಲಿ ಶೀತಲ ಸಮರದ ಕಾಲಕ್ಕೆ ವಿದ್ಯುತ್ತಿನ ಬೇಲಿಯಿದ್ದಿತು. 1989ರ ರಾಜಕೀಯ ಪರಿವರ್ತನೆಯ ಬಳಿಕ ಅದನ್ನು ಕಿತ್ತರು. ಆ ಸೀಮೆಯ ಸುಮಾರು 300 ಕೆಂಪು ಜಿಂಕೆಗಳ ಕೊರಳಪಟ್ಟಿಗಳು ತಿಳಿಸಿದ ಸಂಗತಿ 2014ರಲ್ಲಿ ಪ್ರಕಟವಾಯಿತು: ಬೇಲಿಯಿಲ್ಲದ ಗಡಿಯನ್ನೂ ಅವು ಬಹುಮಟ್ಟಿಗೆ ದಾಟುತ್ತಿರಲಿಲ್ಲ. ಬೇಲಿಯನ್ನು ಕಂಡಿದ್ದ ಜಿಂಕೆಗಳೋ ಅಷ್ಟರೊಳಗೆ ಗತಿಸಿದ್ದುವು. ಮರಿಯು ತಾಯ ಬೆನ್ನು ಹಿಡಿದು ನಡೆಯುವುದು. ತಾಯಿ ತಿರುಗಿದೆಡೆಯಲ್ಲಿ ತಾನೂ ತಿರುಗುವುದು.

ಚುಕ್ಕೆಗಳನ್ನು ಮಾತ್ರ ನೋಡಿದವನು, ಆಚೆಯ ಹುಲ್ಲು ಇವಕ್ಕೆ ಬೇಕಿಲ್ಲವೆಂದು ನಿರ್ಣಯಿಸಿಯಾನು. ತಡೆಯ ಫಲವನ್ನು ಇಚ್ಛೆಯೆಂದು ಓದುವ ಈ ದೋಷವು ಮೃಗಗಳ ವಿಷಯದಲ್ಲಿ ಮಾತ್ರ ನಡೆದುದಲ್ಲ. ಊರ ಹೊರಗೆ ಇರಿಸಲ್ಪಟ್ಟ ಜನರನ್ನು ಕುರಿತು ‘ಅವರಿಗೆ ಅಲ್ಲಿಯೇ ಸಮಾಧಾನ’ ಎಂದವರೂ ಹೀಗೆಯೇ ಓದಿದರು. ಜಿಂಕೆಯ ಎಲ್ಲೆಯನ್ನು ಬರೆಯುವವನು ಅದೇ ಹಾಳೆಯಲ್ಲಿ ಹಳೆಯ ಬೇಲಿಯ ಜಾಡನ್ನೂ ಗುರುತಿಸತಕ್ಕದ್ದು. ಹೊರಗುಳಿದ ಐದು ಪಾಲಿನ ಚುಕ್ಕೆಗಳನ್ನೂ ಒರಸದೆ ಇರಿಸತಕ್ಕದ್ದು. ಗಡಿಯನ್ನು ದಾಟಿ ಆಚೆಯ ಹುಲ್ಲಿಗೆ ಬಾಯಿಡುವ ಮೊದಲ ಜಿಂಕೆಯು ಕಾಣಿಸಿಕೊಳ್ಳುವುದು ಆ ಚುಕ್ಕೆಗಳಲ್ಲಿಯೇ.