ಅಂಗಿಯೂ ಅಳತೆಯೂ

ಹೆಣ್ಣುಮಗುವೊಂದು ಮನೆಗೆ ಬಂದಾಗ ತಾಯಿಯೋ ಅಜ್ಜಿಯೋ ಪೆಟ್ಟಿಗೆಯಿಂದ ಹಳೆಯ ನೂಲಿನ ಸೀರೆಯೊಂದನ್ನು ಹೊರತೆಗೆಯುವುದನ್ನು ನೀವೂ ಕಂಡಿರಬಹುದು. ನೂರಾರು ಸಲ ಒಗೆದು ಮೆತ್ತಗಾದ ಆ ಬಟ್ಟೆಯಿಂದ ಪುಟ್ಟ ಅಂಗಿ, ಕುಲಾವಿಗಳು ಸಿದ್ಧವಾಗುತ್ತವೆ. ಎಳೆಯ ಮೈಗೆ ಒತ್ತದಂತೆ ಹೊಲಿಗೆಯ ಅಂಚನ್ನು ಹೊರಮುಖವಾಗಿಡುತ್ತಾರೆ. ಕಿತ್ತು ಬಾಯಿಗೆ ಹೋಗಬಹುದಾದ ಗುಂಡಿಗೆ ಬದಲಾಗಿ ಬಟ್ಟೆಯ ದಾರ ಕಟ್ಟುತ್ತಾರೆ.

ಆದರೆ ಶಿಶುವಿನ ತೂಕ ಐದಾರು ತಿಂಗಳಲ್ಲಿ ಹುಟ್ಟಿದಾಗಿನ ಎರಡರಷ್ಟು, ವರ್ಷ ತುಂಬುವಾಗ ಸುಮಾರು ಮೂರರಷ್ಟಾಗುತ್ತದೆ. ಕೆಲವೇ ವಾರ ತೊಡುವ ಅಂಗಿಗೆ ಇಷ್ಟು ಶ್ರಮವೇಕೆ? ಅಂಗಡಿಯಿಂದ ತಂದವರ ಪ್ರೀತಿ ಕಡಿಮೆಯೆಂದು ಹೇಳಲಾಗದು. ಕೈಯಾರೆ ಹೊಲಿದೆನೆಂಬ ಹೆಮ್ಮೆಯೂ ನಮ್ಮೊಳಗೆ ನುಸುಳಬಹುದು. ಹಾಗಾದರೆ ಈ ಹೊಲಿಗೆ ನಮಗೆ ಕಲಿಸುವುದೇನು?

ಹನ್ನಳನ್ನು ನೆನೆಯಿರಿ. ಶಿಲೋವಿನ ದೇವಾಲಯದಲ್ಲಿದ್ದ ಮಗ ಸಮುವೇಲನಿಗಾಗಿ ಆಕೆ ವರ್ಷವರ್ಷವೂ ಚಿಕ್ಕ ನಿಲುವಂಗಿಯೊಂದನ್ನು ಮಾಡಿ ಒಯ್ಯುತ್ತಿದ್ದಳು (1 ಸಮುವೇಲ 2:19). ಮಗ ಕಣ್ಣೆದುರಿಗಿಲ್ಲ; ಹೋದ ವರ್ಷದ ಅಳತೆ ಈ ವರ್ಷ ಸಲ್ಲದು. ತಾನು ಕಾಣದ ಬೆಳವಣಿಗೆಯನ್ನು ನಂಬಿಯೇ ಆಕೆ ಬಟ್ಟೆಯ ಅಳತೆ ಹಿಡಿಯಬೇಕಿತ್ತು.

ನಾವಾದರೋ ಮಗಳು ತೊಟ್ಟಿಲಲ್ಲಿರುವಾಗಲೇ ಆಕೆಯ ಓದು, ನಡೆನುಡಿ, ಮದುವೆಗಳ ಅಳತೆಯನ್ನು ನಿಶ್ಚಯಿಸಿಬಿಡುತ್ತೇವೆ; ಅದು ಬಿಗಿಯಾದಾಗ ಅಂಗಿಯನ್ನಲ್ಲ, ಮಗಳನ್ನೇ ದೂರುತ್ತೇವೆ. ಹೊಲಿಗೆ ಬಲ್ಲವರು ಮುಂದೆ ಬಿಚ್ಚಲೆಂದು ಅಂಚಿನಲ್ಲಿ ಒಂದಿಷ್ಟು ಬಟ್ಟೆಯನ್ನು ಮಡಚಿಟ್ಟಿರುತ್ತಾರೆ. ಆತ್ಮೀಯರೇ, ನಮ್ಮ ಪ್ರೀತಿಯಲ್ಲಿ ಆ ಮಡಿಕೆ ಇದೆಯೇ? ಅಂಗಿ ಚಿಕ್ಕದಾದರೆ ಹೊಲಿದವರು ಸೋತಂತಲ್ಲ, ಮಗಳು ಬೆಳೆದಿದ್ದಾಳೆ. ಕೃತಜ್ಞತೆಯಿಂದ ಅದನ್ನು ಮಡಚಿಟ್ಟು, ಮತ್ತೊಮ್ಮೆ ಅಳತೆ ತೆಗೆದುಕೊಳ್ಳೋಣ.